ಪಂಕ್ಚರ್ ಸೀಲೆಂಟ್ ಕಿಟ್: ಮೊಳೆಗೆ ಓಕೆ, ಸೈಡ್‌ವಾಲ್‌ಗೆ ದಂಡ

ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರದ ಹತ್ರ ಹಿಂದಿನ ಟೈರ್‌ಗೆ ಮೊಳೆ, ಗಾಡೀಲಿ ಸ್ಟೆಪ್ನಿ ಇಲ್ಲ, ತೂತು ಮುಚ್ಚೋ ಅಂಟಿನ ಬಾಟ್ಲಿ, ಗಾಳಿ ತುಂಬೋ ಪುಟ್ಟ ಕಂಪ್ರೆಸರ್ ಇರೋ ಕಿಟ್ಟೇ ಗತಿ. ಮೊಳೆ ಕೀಳ್ಬಾರ್ದು, ಹಂಗೇ ಬಿಟ್ಟು ಬಾಟ್ಲಿನ ಕಂಪ್ರೆಸರ್‌ಗೆ ಸಿಗ್ಸಿ, ಪೈಪ್ ವಾಲ್ವ್‌ಗೆ ತಿರುಗ್ಸಿ, 12 ವೋಲ್ಟ್ ಸಾಕೆಟ್‌ಗೆ ಹಾಕಿ ಆನ್ ಮಾಡಿದ್ರೆ ಮೀಟರ್ ಮುಳ್ಳು ಮೊದ್ಲು ಸರ್ರಂತ ಏರಿ ಆಮೇಲೆ ಇಳಿಯತ್ತೆ, ಗಾಬ್ರಿ ಬೇಡ. ತಕ್ಷಣ ಸ್ವಲ್ಪ ದೂರ ನಿಧಾನಕ್ಕೆ ಓಡ್ಸಿದ್ರೇನೇ ಅಂಟು ಒಳಗೆಲ್ಲಾ ಹರಡಿ ತೂತು ಮುಚ್ಚೋದು, ಮತ್ತೆ ಗಾಳಿ ಚೆಕ್ ಮಾಡಿ, 80ರ ಮೇಲೆ ಹೋಗ್ಲೇಬೇಡಿ.

ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಹರಿದಿದ್ರೆ ಟೋಯಿಂಗೇ, ಅದಕ್ಕೇ ನನ್ನ ಓಟು ಸ್ಟೆಪ್ನಿಗೆ. ಆದ್ರೂ ಕಿಟ್ ಇದ್ದಿದ್ದಕ್ಕೆ ಲಾರಿ ನುಗ್ಗೋ ಹೈವೇ ಪಕ್ಕ ಕೂತು ಜಾಕ್ ಹಾಕೋದು ತಪ್ತಲ್ಲ.

ಬಾಟ್ಲಿ ಒಂದೇ ಸಲಕ್ಕೆ, ಎಕ್ಸ್‌ಪೈರಿನೂ ನೋಡ್ಕೊಳ್ಳಿ. ಪಂಕ್ಚರ್ ಅಂಗಡಿಯವ್ನು ಟೈರ್ ಬಿಚ್ಚಿ "ಏನ್ ಸಾರ್, ಒಳಗೆ ಮಜ್ಜಿಗೆ ಹುಯ್ದಿದೀರಾ" ಅಂತ ಗೊಣಗಿ ತೊಳ್ಯೋಕೆ ಎಕ್ಸ್‌ಟ್ರಾ ಇಸ್ಕೊಂಡ.