ಬಾಲ್ಡ್ವಿನ್‌ನ ‘ಜಿಯೊವಾನಿಸ್ ರೂಮ್’: ಪುಟ ಕಮ್ಮಿ, ಭಾರ ಜಾಸ್ತಿ

ಆನ್‌ಲೈನ್‌ನಲ್ಲಿ ತರಿಸಿದ ಪೇಪರ್‌ಬ್ಯಾಕ್ ಇದು. ಪ್ಯಾಕಿಂಗ್ ಅಷ್ಟಕ್ಕಷ್ಟೆ, ಮುಖಪುಟದ ಮೂಲೆ ಮಡಚಿಕೊಂಡೇ ಬಂತು, ಅಕ್ಷರವೂ ಸಣ್ಣದು. ಆದರೆ ಒಳಗಿರುವುದು ಅಮೆರಿಕದ ಲೇಖಕ ಜೇಮ್ಸ್ ಬಾಲ್ಡ್ವಿನ್ ಅಲ್ವಾ, ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ನ್ಯೂಯಾರ್ಕ್‌ನ ಹಾರ್ಲೆಮ್‌ನ ಬಡ ಮನೆಯಲ್ಲಿ ಬೆಳೆದ ಕಪ್ಪು ಹುಡುಗ, 1948ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ಪ್ಯಾರಿಸ್‌ಗೆ ಹೋದವನು. ಎರಡನೇ ಕಾದಂಬರಿಯಲ್ಲೇ ಇಬ್ಬರು ಗಂಡಸರ ಪ್ರೀತಿಯ ಕಥೆ ಬರೆದ, ಅದೂ ಬಿಳಿಯರನ್ನು ಇಟ್ಟುಕೊಂಡು. ಮೊದಲ ಕಾದಂಬರಿ ತಂದಿದ್ದ ಪ್ರಕಾಶಕರು ಇದು ಬೇಡ ಅಂದರು. 1956ರಲ್ಲಿ ಬೇರೆಯವರು ಛಾಪಿಸಿದರು.

ಕಥೆ ಹೇಳಲ್ಲ, ಸುಮ್ನೆ ಜಿಯೊವಾನಿಯ ಆ ಕೋಣೆ ನೋಡಿ: ಹೊರಗಿನವರು ಇಣುಕದಿರಲಿ ಅಂತ ಕಿಟಕಿ ಗಾಜಿಗೆ ಬಿಳಿ ಪಾಲಿಶ್ ಬಳಿದಿದೆ, ಗೋಡೆಯ ವಾಲ್‌ಪೇಪರ್ ಅರ್ಧ ಕಿತ್ತು ಹಾಗೇ ಬಿಟ್ಟಿದೆ, ಅದರೊಳಗೆ ಕಥೆ ಹೇಳುವ ಡೇವಿಡ್‌ಗೆ, ಅಂದರೆ ಜಿಯೊವಾನಿಯ ಪ್ರೇಮಿಗೆ, ಉಸಿರು ಕಟ್ಟುತ್ತದೆ, ಓದುವಾಗ ನನಗೂ ಕಟ್ಟಿತು. ಡೇವಿಡ್‌ನ ಪುಕ್ಕಲುತನಕ್ಕೆ ಎರಡು ಸಲ ಪುಸ್ತಕ ಮುಚ್ಚಿಟ್ಟೆ. ಅವನ ಗೆಳತಿ ಹೆಲ್ಲಾಳ ಪಾತ್ರ ಸ್ವಲ್ಪ ತೆಳು ಅನ್ನಿಸಿತು.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ದೊಡ್ಡ ಅಕ್ಷರದ ಪ್ರತಿ ಸಿಕ್ಕರೆ ಅದನ್ನೇ ತಗೊಳ್ಳಿ.