ಜಾನ್ ಹಯಟ್ ಅವರ ‘ಬ್ರಿಂಗ್ ದ ಫ್ಯಾಮಿಲಿ’ ಎಲ್‌ಪಿ: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಚರ್ಚ್ ಸ್ಟ್ರೀಟ್ ಹತ್ತಿರದ ಒಂದು ಪುಟ್ಟ ರೆಕಾರ್ಡ್ ಅಂಗಡಿಯಲ್ಲಿ ಕಳೆದ ತಿಂಗಳು ಈ ಎಲ್‌ಪಿ (ಮುಳ್ಳಿಟ್ಟು ಕೇಳುವ ದೊಡ್ಡ ಗ್ರಾಮಫೋನ್ ತಟ್ಟೆ) ಸಿಕ್ಕಿತು. ಸೆಕೆಂಡ್ ಹ್ಯಾಂಡ್, 1,800 ರೂಪಾಯಿ. ಜಾಸ್ತಿ ಅನ್ನಿಸಬಹುದು, ಆದರೆ ಹದಿನೈದು ವರ್ಷದಿಂದ ಫೋನಿನಲ್ಲೇ ಕೇಳುತ್ತಿದ್ದ ಹಾಡುಗಳಿವು, ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.

ಹಯಟ್ ಅಮೆರಿಕದ ಗಾಯಕ, ಹಾಡು ಬರೆಯುವವರು. ಇಲ್ಲಿ ರಾಕ್ ಕೇಳುವವರಿಗೂ ಅವರ ಹೆಸರು ಹೇಳಿದರೆ ‘ಯಾರದು?’ ಅನ್ನುತ್ತಾರೆ. ಅವರ ಹಾಡುಗಳು ಗೊತ್ತು, ಬೇರೆಯವರ ದನಿಯಲ್ಲಿ. 1974ರಲ್ಲೇ ಥ್ರೀ ಡಾಗ್ ನೈಟ್ ತಂಡ ಅವರ ಹಾಡೊಂದನ್ನು ಹಿಟ್ ಮಾಡಿತ್ತು. ಈ ರೆಕಾರ್ಡಿನ ‘ಥಿಂಗ್ ಕಾಲ್ಡ್ ಲವ್’ ಅನ್ನು 1989ರಲ್ಲಿ ಗಾಯಕಿ ಬಾನಿ ರೇಟ್ ಹಾಡಿದರು, ಆ ಆಲ್ಬಮ್ ಮರುವರ್ಷ ಗ್ರ್ಯಾಮಿಯ ದೊಡ್ಡ ಪ್ರಶಸ್ತಿಯನ್ನೇ ಗೆದ್ದಿತು. ಗಿಟಾರ್ ದಿಗ್ಗಜರಾದ ಬಿ.ಬಿ. ಕಿಂಗ್, ಎರಿಕ್ ಕ್ಲ್ಯಾಪ್ಟನ್ ಸೇರಿ 2000ದಲ್ಲಿ ತಂದ ಆಲ್ಬಮ್ಮಿಗೆ ಇಟ್ಟಿದ್ದು ಹಯಟ್ ಹಾಡಿನ ಹೆಸರು. ಇಷ್ಟಾದರೂ ಈ ಮನುಷ್ಯ ದೊಡ್ಡ ಸ್ಟಾರ್ ಆಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ, ಯಾಕಂದ್ರೆ ಆ ಹಾಡುಗಳು ಅವರ ಗಂಟಲಲ್ಲೇ ಚೆನ್ನ.

ಒರಟು ಗಂಟಲು. ಮೇಲಕ್ಕೆ ಹೋದಾಗ ಒಡೆಯುತ್ತದೆ, ಅಲ್ಲೇ ಹಾಡು ನಿಜವಾಗುತ್ತದೆ. ಶರೀಫರ ಪದಗಳನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ ಅಲ್ವಾ?

ರೆಕಾರ್ಡ್ ಬಂದಿದ್ದು 1987ರಲ್ಲಿ. ಅಷ್ಟರಲ್ಲಿ ಒಂದಾದ ಮೇಲೊಂದು ಕಂಪನಿ ಹಯಟ್ ಅವರನ್ನು ಕೈಬಿಟ್ಟಿತ್ತು. ಕುಡಿತ ಬಿಟ್ಟು ಬದುಕನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ಕಾಲ. ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಗಿಟಾರಿಗೆ ರೈ ಕೂಡರ್, ಬಾಸ್‌ಗೆ ನಿಕ್ ಲೋ, ಡ್ರಮ್ಸ್‌ಗೆ ಜಿಮ್ ಕೆಲ್ಟ್‌ನರ್. ನಾಲ್ಕು ಜನ, ನಾಲ್ಕೇ ದಿನ. ತಿದ್ದಿ ತೀಡಲು ಪುರುಸೊತ್ತೇ ಇರಲಿಲ್ಲ, ಅದಕ್ಕೇ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ ಹಾಗಿದೆ. ‘ಲಿಪ್‌ಸ್ಟಿಕ್ ಸನ್‌ಸೆಟ್’ನಲ್ಲಿ ಕೂಡರ್ ಸ್ಲೈಡ್ ಗಿಟಾರ್ ಕೇಳಿ. ಸ್ವರವನ್ನು ನಿಧಾನಕ್ಕೆ ಜಾರಿಸಿ, ತಲುಪಬೇಕಾದ ಜಾಗಕ್ಕೆ ಕೂದಲೆಳೆ ಮುಂಚೆ ತಡೆದು ಆಮೇಲೆ ಬಿಡುತ್ತಾರೆ. ಗೋಟುವಾದ್ಯ ಕೇಳಿದ ಕಿವಿಗೆ ತಕ್ಷಣ ಹಿಡಿಸುತ್ತದೆ. ಇದೇ ಕೂಡರ್ ಮುಂದೆ ನಮ್ಮ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ಕೂತು ನುಡಿಸಿದ್ದು ಸುಮ್ನೆ ಅಲ್ಲ.

ಅದಾದ ಮೇಲೆ ಮೊದಲ ಬದಿಯ ಕೊನೆಯ ಹಾಡು, ‘ಹ್ಯಾವ್ ಎ ಲಿಟಲ್ ಫೇಯ್ತ್ ಇನ್ ಮಿ’. ಬರೀ ಪಿಯಾನೋ, ಬರೀ ದನಿ. ಮುಳ್ಳು ಲೇಬಲ್ ಹತ್ತಿರ ಬಂದಿರುತ್ತದೆ, ಸಣ್ಣಗೆ ಚಟಚಟ ಅನ್ನುತ್ತಿರುತ್ತದೆ, ಅದರ ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಮೊದಲ ಸಲ ಕೇಳಿದ ರಾತ್ರಿ ಎದ್ದು ಮಗುಚಿ ಹಾಕಲು ಆಗಲಿಲ್ಲ, ಸುಮ್ಮನೆ ಕೂತೇ ಇದ್ದೆ.

ಎರಡನೇ ಬದಿಯಲ್ಲಿ ‘ಯುವರ್ ಡ್ಯಾಡ್ ಡಿಡ್’ ತಪ್ಪಿಸಬೇಡಿ. ಕೆಲಸ, ಮನೆ, ಮಕ್ಕಳ ಗಲಾಟೆ, ಇದರ ನಡುವೆ ತಾನೂ ಅಪ್ಪನ ಹಾಗೇ ಆಗಿಬಿಟ್ಟೆ ಅಂತ ಗೊತ್ತಾಗುವ ಹಾಡು.

ಎಲ್‌ಪಿ ಸ್ಥಿತಿ ಹೇಳಬೇಕಂದ್ರೆ, ಕವರ್ ಮೂಲೆ ಸವೆದಿದೆ, ಮೊದಲ ಹಾಡಿನಲ್ಲಿ ಒಂದು ಗೀರು ಇದೆ, ಮುಳ್ಳು ಹಾರುವುದಿಲ್ಲ. ಅಂಗಡಿಯವರೇ ಎರಡೂ ಬದಿ ಹಾಕಿ ಕೇಳಿಸಿ, ಗೀರು ತೋರಿಸಿ ಆಮೇಲೆ ದುಡ್ಡು ತಗೊಂಡರು. ಅಲ್ಲೇ ಹಯಟ್ ಅವರ 1988ರ ಆಲ್ಬಮ್ ‘ಸ್ಲೋ ಟರ್ನಿಂಗ್’ ಕೂಡ ಇತ್ತು. ಶನಿವಾರ ಹೋಗುತ್ತಿದ್ದೇನೆ, ಅಲ್ಲಿಯವರೆಗೆ ಎತ್ತಿಡಿ ಅಂತ ಹೇಳಿ ಬಂದಿದ್ದೇನೆ.