ತಜ್ಞರು ಬರುವವರೆಗಿನ ಮೂರು ಗಂಟೆ: ಚಿಕ್ಕಮಗಳೂರಿನ ಒಂದು ಚಿಕಿತ್ಸಾಲಯ

ಸೀಬೆ ಮರದಿಂದ ಬಿದ್ದ 6 ವರ್ಷದ ಮಗಳನ್ನು ಎತ್ತಿಕೊಂಡು ಮೂಡಿಗೆರೆ ಕಡೆಯಿಂದ ಇಲ್ಲಿಗೆ ಓಡಿ ಬಂದೆವು. ಮೂಳೆ ತಜ್ಞರು ಬರಲು 3 ಗಂಟೆ ಹಿಡಿಯಿತು. ಆ ಹೊತ್ತನ್ನು ದಾಟಿಸಿದವರು ಕರ್ತವ್ಯದಲ್ಲಿದ್ದ ಯುವ ವೈದ್ಯೆ. ಮೊಣಕೈಗೆ ತುಸು ಮೇಲೆ, ತೋಳಿನ ಮೂಳೆ ತೆಳ್ಳಗಿರುವಲ್ಲೇ ಮುರಿದಿದೆ, ಈ ವಯಸ್ಸಿನಲ್ಲಿ ಇದು ಸಾಮಾನ್ಯ ಎಂದು ಎಕ್ಸ್‌ರೇ ತೋರಿಸಿ ವಿವರಿಸಿದರು. ಕೈಯನ್ನು ಬಲವಂತವಾಗಿ ಮಡಿಸದೆ, ಅಲುಗಾಡದಂತೆ ಹಿಡಿದಿಡುವ ಆಧಾರಪಟ್ಟಿ (ಸ್ಪ್ಲಿಂಟ್) ಕಟ್ಟಿದರು. ಮತ್ತೆ ಮತ್ತೆ ಬಂದು ಮಣಿಕಟ್ಟಿನ ನಾಡಿ, ಬೆರಳುಗಳ ಬಣ್ಣ ನೋಡಿದರು. "ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ ಉಂಗುರ ಮಾಡು ಪುಟ್ಟಿ" ಎಂದರು. ಅದು ಆಟವಲ್ಲ, ನರದ ಪರೀಕ್ಷೆ! ಬೆರಳು ತಣ್ಣಗಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ತಕ್ಷಣ ಕರೆಯಿರಿ ಎಂದು ಹೇಳಿದರು. ಅರಿವಳಿಕೆ ಕೊಡಬೇಕಾಗಬಹುದು, ಏನೂ ತಿನ್ನಿಸಬೇಡಿ ಎಂಬ ಮಾತು ಮಾತ್ರ ತಡವಾಗಿ ಬಂತು. ಅಷ್ಟರಲ್ಲಿ ಅತ್ತೆಯವರು ಬಿಸ್ಕತ್ತು ಕೊಟ್ಟಾಗಿತ್ತು, ಶಸ್ತ್ರಚಿಕಿತ್ಸೆ ಇನ್ನಷ್ಟು ಮುಂದಕ್ಕೆ ಹೋಯಿತು. ಏನೂ ತಿನ್ನಿಸಬೇಡಿ ಎಂಬುದನ್ನು ಬಾಗಿಲಲ್ಲೇ ಬರೆದು ಹಾಕಲಿ.